ಬಯಲಿನ ದಾರಿಬದಿಯಲ್ಲಿ ಕೊಮ್ಯಾಂಚಿ ನೆನಪುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಟೆಕ್ಸಸ್‌ನ ಉತ್ತರ ತುದಿಯ ಬಯಲು ಮತ್ತು ಅದಕ್ಕೆ ತಗುಲಿಕೊಂಡ ಒಕ್ಲಹೋಮಾದ ನೈರುತ್ಯ ಭಾಗ ಒಂದು ಕಾಲಕ್ಕೆ ಕೊಮ್ಯಾಂಚಿ ಜನರ ನಾಡು. ಆ ದಾರಿಗಳಲ್ಲಿ ಹೋಗುವವರು ಕಾರು ನಿಲ್ಲಿಸಿ ನೋಡುವ ಬಾಣ, ಕಲ್ಲು, ಫಲಕಗಳ ಬಗ್ಗೆ ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇವೆ. ಮೊದಲ ಸಲ ಹೋಗುವವರ ಪ್ರಶ್ನೆಗಳು ಮೊದಲು, ವಿಷಯದ ಆಳಕ್ಕೆ ಇಳಿದವರವು ಆಮೇಲೆ.

## ಮೊದಲ ಪರಿಚಯ

ರಸ್ತೆಪಕ್ಕ ಯಾರೋ ಆಕಾಶದಿಂದ ಹೊಡೆದ ಹಾಗೆ ಒಂದು ದೊಡ್ಡ ಬಾಣ ನೆಲಕ್ಕೆ ನಾಟಿಕೊಂಡಿತ್ತು. ಏನದು?

ಅದು ಕ್ವಾನಾ ಪಾರ್ಕರ್ ಟ್ರೇಲ್‌ನ ಗುರುತು. ಉಕ್ಕಿನಲ್ಲಿ ಮಾಡಿದ, ಸುಮಾರು 22 ಅಡಿ ಎತ್ತರದ ಬಾಣ. ತುದಿ ಮಣ್ಣಿನೊಳಗೆ, ಗರಿ ಮೇಲೆ, ಮೈ ಸ್ವಲ್ಪ ವಾಲಿದಂತೆ. ಟೆಕ್ಸಸ್ ಪ್ಲೇನ್ಸ್ ಟ್ರೇಲ್ ಎಂಬ ಪ್ರವಾಸಿ ವಲಯಕ್ಕೆ 52 ಕೌಂಟಿಗಳು (ನಮ್ಮ ಜಿಲ್ಲೆಯಂಥ ವಿಭಾಗಗಳು) ಸೇರುತ್ತವೆ. ಅವುಗಳಲ್ಲೆಲ್ಲ ಹಂಚಿದಂತೆ 80ಕ್ಕೂ ಹೆಚ್ಚು ಬಾಣಗಳನ್ನು 2010ರ ದಶಕದಲ್ಲಿ ನೆಟ್ಟರು. ಎಲ್ಲವನ್ನೂ ಮಾಡಿದವರು ನ್ಯೂ ಹೋಮ್ ಎಂಬ ಪುಟ್ಟ ಊರಿನ ಲೋಹಶಿಲ್ಪಿ ಚಾರ್ಲ್ಸ್ ಸ್ಮಿತ್. ಹಲವು ಕಡೆ ಬಾಣ ನೆಡುವ ದಿನ ಕ್ವಾನಾ ಪಾರ್ಕರ್‌ನ ವಂಶಸ್ಥರೇ ಒಕ್ಲಹೋಮಾದಿಂದ ಬಂದು ಹರಸಿದ್ದಾರೆ.

ಬಾಣದ ಮೇಲೆ ಬರಹ ಇರುವುದಿಲ್ಲ. ಪಕ್ಕದಲ್ಲಿ ಫಲಕ ಇದ್ದರೆ ಅದನ್ನು ಓದಿ, ಇಲ್ಲದಿದ್ದರೆ ಆ ಕೌಂಟಿಯ ಮ್ಯೂಸಿಯಂನಲ್ಲಿ ಕೇಳಿ. ‘ಇಲ್ಲಿಯೇ ಯುದ್ಧ ನಡೆಯಿತು’ ಎಂದು ಬಾಣ ಹೇಳುತ್ತಿಲ್ಲ. ಈ ನೆಲದಲ್ಲಿ ಅವರು ಓಡಾಡಿದ್ದರು, ಬೇಟೆಯಾಡಿದ್ದರು, ವ್ಯಾಪಾರ ಮಾಡಿದ್ದರು ಎನ್ನುವುದಷ್ಟೇ ಅದರ ಅರ್ಥ.

ಕ್ವಾನಾ ಪಾರ್ಕರ್ ಯಾರು? ಹೆಸರು ಅರ್ಧ ಇಂಗ್ಲಿಷರದ್ದು ಇದ್ದ ಹಾಗಿದೆಯಲ್ಲ?

ಹೌದು, ‘ಪಾರ್ಕರ್’ ತಾಯಿಯ ಮನೆತನದ ಹೆಸರು. 1836ರ ಮೇ 19ರಂದು ಟೆಕ್ಸಸ್‌ನ ಪಾರ್ಕರ್ ಕೋಟೆಯ ಮೇಲೆ ದಾಳಿಯಾದಾಗ ಸಿಂಥಿಯಾ ಆ್ಯನ್ ಪಾರ್ಕರ್ ಎಂಬ ಒಂಬತ್ತರ ಆಸುಪಾಸಿನ ಹುಡುಗಿಯನ್ನು ಕೊಮ್ಯಾಂಚಿಗಳು ಒಯ್ದರು. ಆಕೆ ಅವರಲ್ಲೇ ಬೆಳೆದು, ಪೀಟಾ ನೊಕೋನಾನ ಹೆಂಡತಿಯಾದಳು. ಅವರ ಮಗ ಕ್ವಾನಾ. 1860ರ ಡಿಸೆಂಬರ್‌ನಲ್ಲಿ ಟೆಕ್ಸಸ್ ರೇಂಜರ್‌ಗಳು ಎಂಬ ಗಡಿಕಾವಲು ಪಡೆಯವರು ಆಕೆಯನ್ನು ಹಿಡಿದು ಬಿಳಿಯ ಬಂಧುಗಳಿಗೆ ಒಪ್ಪಿಸಿದರು. ತವರಿನಲ್ಲಿ ಆಕೆ ಬಾಳಲಾರದೆ ಹೋದಳು. ಗಂಡನನ್ನೂ ಗಂಡುಮಕ್ಕಳನ್ನೂ ಮತ್ತೆ ನೋಡಲೇ ಇಲ್ಲ.

ಕ್ವಾನಾ ಬೆಳೆದು, ಕೊಮ್ಯಾಂಚಿಗಳಲ್ಲೇ ಕ್ವಾಹಾಡಿ ಎಂಬ ಗುಂಪಿನ ನಾಯಕನಾದ. 1875ರ ಜೂನ್ 2ರಂದು ಒಕ್ಲಹೋಮಾದ ಸೇನಾ ನೆಲೆ ಫೋರ್ಟ್ ಸಿಲ್‌ನಲ್ಲಿ ಶರಣಾದ. ಮುಂದೆ ಮೀಸಲು ಪ್ರದೇಶದಲ್ಲಿ ತನ್ನ ಜನರ ಪರವಾಗಿ ಸರ್ಕಾರದೊಂದಿಗೂ ದನ ಸಾಕುವ ಕಂಪನಿಗಳೊಂದಿಗೂ ವ್ಯವಹರಿಸುತ್ತ, 1911ರ ಫೆಬ್ರವರಿ 23ರಂದು ತೀರಿಕೊಂಡ.

ಕೊಮ್ಯಾಂಚಿಗಳು ಈಗಲೂ ಇದ್ದಾರಾ?

ಇದ್ದಾರೆ. ಬಣದ ಸದಸ್ಯರ ಸಂಖ್ಯೆ 17,000ದ ಆಸುಪಾಸಿನಲ್ಲಿದೆ. ಕೊಮ್ಯಾಂಚಿ ನೇಷನ್‌ನ ಕಚೇರಿ ಒಕ್ಲಹೋಮಾದ ಲಾಟನ್ ಹತ್ತಿರ. ಲಾಟನ್‌ನಲ್ಲಿ ಅವರದೇ ಮ್ಯೂಸಿಯಂ ಇದೆ, 2007ರಲ್ಲಿ ತೆರೆದದ್ದು. ಅವರು ತಮ್ಮನ್ನು ಕರೆದುಕೊಳ್ಳುವುದು ‘ನುಮುನು’ ಎಂದು, ಅಂದರೆ ‘ಜನ’. ‘ಕೊಮ್ಯಾಂಚಿ’ ಎನ್ನುವುದು ಯೂಟ್ ಎಂಬ ನೆರೆಯ ಜನ ಇವರಿಗೆ ಇಟ್ಟ ಹೆಸರು ಸ್ಪ್ಯಾನಿಶ್ ಬಾಯಲ್ಲಿ ಬದಲಾಗಿ ಬಂದದ್ದು. ‘ಇದ್ದರು’ ಎಂದು ಮಾತ್ರ ಬರೆದ ಫಲಕ ಕಂಡರೆ ಅರ್ಧ ಸತ್ಯ ಓದುತ್ತಿದ್ದೀರಿ ಎಂದು ತಿಳಿಯಿರಿ.

‘ರೆಡ್ ಇಂಡಿಯನ್’ ಎಂದು ಹೇಳಿದರೆ ತಪ್ಪಾ?

ಆ ಮಾತು ಬೇಡ. ನಮ್ಮ ಹಳೆಯ ಪಠ್ಯಪುಸ್ತಕಗಳಿಂದ ಬಾಯಿಗೆ ಅಂಟಿಕೊಂಡದ್ದು, ಅಲ್ಲಿ ಅದು ನೋಯಿಸುತ್ತದೆ. ಬಣದ ಹೆಸರು ಗೊತ್ತಿದ್ದರೆ ಅದನ್ನೇ ಹೇಳಿ: ಕೊಮ್ಯಾಂಚಿ, ಕಾಯೊವಾ, ಶಯೆನ್. ಒಟ್ಟಾಗಿ ಹೇಳಬೇಕಾದಾಗ ‘ನೇಟಿವ್ ಅಮೆರಿಕನ್’ ನಡೆಯುತ್ತದೆ. ಅವರಲ್ಲಿ ಹಿರಿಯರು ಅನೇಕರು ತಮ್ಮನ್ನು ‘ಇಂಡಿಯನ್’ ಎಂದೇ ಹೇಳಿಕೊಳ್ಳುತ್ತಾರೆ. ಭಾರತದಿಂದ ಬಂದ ನಾವು ಆಡಿದರೆ ಇಬ್ಬರಿಗೂ ಗೊಂದಲ.

ಇವು ನಮ್ಮ ವೀರಗಲ್ಲಿನ ಹಾಗೇನಾ?

ಒಂದು ಅಂಶದಲ್ಲಿ ಹೌದು. ತುರುಗೊಳಿನಲ್ಲಿ ಸತ್ತವನಿಗೆ ನಿಲ್ಲಿಸಿದ ಕಲ್ಲನ್ನು ನೋಡಿದವರಿಗೆ, ಕುದುರೆಯೇ ಸಂಪತ್ತಾಗಿದ್ದ, ಕುದುರೆಗಾಗಿಯೇ ದಾಳಿ ನಡೆಯುತ್ತಿದ್ದ ಬಯಲಿನ ಬದುಕು ಬೇಗ ಅರ್ಥವಾಗುತ್ತದೆ. ದೊಡ್ಡ ವ್ಯತ್ಯಾಸ ನಿಲ್ಲಿಸಿದವರಲ್ಲಿದೆ. ವೀರಗಲ್ಲನ್ನು ಸತ್ತವನ ಕಡೆಯವರು ನಿಲ್ಲಿಸಿದರು. ಈ ಬಯಲಿನ ಹೆಚ್ಚಿನ ಫಲಕಗಳನ್ನು ನಿಲ್ಲಿಸಿದ್ದು ಆ ನೆಲವನ್ನು ಗೆದ್ದವರ ಮೊಮ್ಮಕ್ಕಳು. ಹಾಗಾಗಿ ಫಲಕ ಓದುವಾಗ ಮೊದಲು ಕೆಳಗಿನ ಸಾಲು ನೋಡಿ. ಯಾರು ಹಾಕಿಸಿದರು, ಯಾವ ವರ್ಷ ಎಂಬುದು ಅಲ್ಲಿರುತ್ತದೆ. ಮೇಲಿನ ಸಾಲುಗಳು ಹಾಗೇಕೆ ಇವೆ ಎನ್ನುವುದು ಆಗ ತಿಳಿಯುತ್ತದೆ.

## ಫಲಕ ಓದುವುದು

ಬಾಣ ಬಿಟ್ಟರೆ ಇನ್ನೂ ಎಷ್ಟೋ ಥರದ ಕಲ್ಲು, ಬೋರ್ಡು ಇವೆ. ನೋಡಿದ ಕೂಡಲೇ ಗುರುತಿಸುವುದು ಹೇಗೆ?

ವಸ್ತು ಯಾವುದು ಎಂದು ನೋಡಿದರೆ ಕಾಲ ಗೊತ್ತಾಗುತ್ತದೆ.

ಬೂದು ಬಣ್ಣದ ಗ್ರಾನೈಟ್, ಅದರ ಮೇಲೆ ಕಂಚಿನ ನಕ್ಷತ್ರ ಮತ್ತು ಎಲೆಹಾರ ಇದ್ದರೆ ಅದು 1936ರದ್ದು. ಟೆಕ್ಸಸ್ ಸ್ವತಂತ್ರವಾಗಿ ನೂರು ವರ್ಷವಾದ ಸಂಭ್ರಮಕ್ಕೆ ರಾಜ್ಯದ ತುಂಬ ಹಾಕಿಸಿದರು. ಇವುಗಳಲ್ಲಿ ಕೊಮ್ಯಾಂಚಿಗಳು ಸಾಮಾನ್ಯವಾಗಿ ಎದುರಾಳಿಗಳಾಗಿ ಮಾತ್ರ ಬರುತ್ತಾರೆ.

ಕಪ್ಪು ನೆಲದ ಮೇಲೆ ಉಬ್ಬಿದ ಬೆಳ್ಳಿ ಬಣ್ಣದ ಅಕ್ಷರಗಳ ಎರಕದ ಅಲ್ಯೂಮಿನಿಯಂ ಫಲಕವಾದರೆ ಅದು 1962ರ ನಂತರದ ಅಧಿಕೃತ ಟೆಕ್ಸಸ್ ಐತಿಹಾಸಿಕ ಫಲಕ. ದೊಡ್ಡದರ ಅಳತೆ 27x42 ಇಂಚು, ಕಂಬದ ಮೇಲೆ ನಿಂತಿರುತ್ತದೆ. ಇಂಥವು ರಾಜ್ಯದಲ್ಲಿ 16,000ಕ್ಕೂ ಹೆಚ್ಚಿವೆ. ಟೆಕ್ಸಸ್ ಹಿಸ್ಟಾರಿಕಲ್ ಕಮಿಷನ್‌ನ ಆನ್‌ಲೈನ್ ಅಟ್ಲಾಸ್‌ನಲ್ಲಿ ಕೌಂಟಿ ಹೆಸರು ಹಾಕಿ ಹುಡುಕಿದರೆ ಫಲಕದ ಪೂರ್ತಿ ಬರಹ ಮನೆಯಲ್ಲೇ ಸಿಗುತ್ತದೆ. ಹೊರಡುವ ಮುಂಚೆ ಆ ಬರಹವನ್ನು ಫೋನಿಗೆ ಇಳಿಸಿಕೊಳ್ಳಿ. ಬಯಲಿನಲ್ಲಿ ಸಿಗ್ನಲ್ ನಂಬಬೇಡಿ.

ಊರ ಸಂಘಗಳು, ಮನೆತನಗಳು ತಾವೇ ನಿಲ್ಲಿಸಿದ ಕಲ್ಲುಗಳೂ ಇವೆ. ಅವು ಅಟ್ಲಾಸ್‌ನಲ್ಲಿ ಇರುವುದಿಲ್ಲ.

ಫಲಕ ಇರುವ ಜಾಗದಲ್ಲೇ ಘಟನೆ ನಡೆದಿದೆ ಅಂತ ನಂಬಬಹುದಾ?

ನಂಬಬೇಡಿ. ಫಲಕಕ್ಕೆ ಬೇಕಾದದ್ದು ಕಾರು ನಿಲ್ಲಿಸಲು ಜಾಗ, ಸರ್ಕಾರಿ ನೆಲ. ಘಟನೆ ನಡೆದದ್ದು ಎಷ್ಟೋ ಸಲ ಮೈಲಿಗಟ್ಟಲೆ ಒಳಗೆ, ಯಾರದೋ ರ‍್ಯಾಂಚ್‌ನಲ್ಲಿ, ಅಂದರೆ ದನ ಸಾಕುವ ಜಮೀನಿನಲ್ಲಿ. ರಸ್ತೆ ಅಗಲ ಮಾಡಿದಾಗ ಫಲಕಗಳನ್ನು ಎತ್ತಿ ಬೇರೆ ಕಡೆ ನೆಟ್ಟದ್ದೂ ಇದೆ. ಬರಹದಲ್ಲಿ ‘ಇಲ್ಲಿಂದ ಇಷ್ಟು ಮೈಲಿ ಉತ್ತರಕ್ಕೆ’ ಎಂದಿದ್ದರೆ, ಆ ದೂರವನ್ನು ಫಲಕದ ಹಳೆಯ ಜಾಗದಿಂದ ಲೆಕ್ಕ ಹಾಕಬೇಕಾಗುತ್ತದೆ.

ಅಕ್ಷರ ಸವೆದಿದೆ, ಫೋಟೋದಲ್ಲಿ ಬರುತ್ತಿಲ್ಲ. ಸೀಮೆಸುಣ್ಣ ಉಜ್ಜಬಹುದಾ?

ಉಜ್ಜಬಾರದು. ಸೀಮೆಸುಣ್ಣದ ಪುಡಿ ಕಲ್ಲಿನ ಸೂಕ್ಷ್ಮ ರಂಧ್ರಗಳಲ್ಲಿ ಕೂತುಬಿಡುತ್ತದೆ, ಉಜ್ಜುವಾಗ ಸಡಿಲವಾದ ಕಲ್ಲಿನ ಕಣಗಳೂ ಎದ್ದು ಬರುತ್ತವೆ. ತಂತಿ ಬ್ರಷ್, ಬ್ಲೀಚ್, ಆ್ಯಸಿಡ್ ಯಾವುದೂ ಬೇಡ. ಕಂಚಿನ ಮೇಲಿನ ಹಸಿರು ಪದರವನ್ನು ಕೊಳೆ ಎಂದುಕೊಂಡು ಕೆರೆಯಬೇಡಿ.

ಬೇಕಾಗಿರುವುದು ಓರೆ ಬೆಳಕು. ಸೂರ್ಯ ಹುಟ್ಟಿದ ನಂತರದ ಒಂದೂವರೆ ಗಂಟೆ, ಮುಳುಗುವ ಮುಂಚಿನ ಒಂದೂವರೆ ಗಂಟೆ ಒಳ್ಳೆಯದು. ನಡು ಮಧ್ಯಾಹ್ನವೇ ಹೋದಿರಾದರೆ ಒಂದಡಿ ಚೌಕದ ಕನ್ನಡಿ ಜೊತೆಗಿರಲಿ. ಒಬ್ಬರು ಕಲ್ಲಿನ ಪಕ್ಕಕ್ಕೆ ನಿಂತು ಬಿಸಿಲನ್ನು ಕಲ್ಲಿನ ಮೈಗುಂಟ ಹಾಯಿಸಿದರೆ ಪ್ರತಿ ಅಕ್ಷರದ ಅಂಚಿನಲ್ಲೂ ನೆರಳು ಬಿದ್ದು ಬರಹ ಎದ್ದು ಕಾಣುತ್ತದೆ. ಕಪ್ಪು ಅಲ್ಯೂಮಿನಿಯಂ ಫಲಕಕ್ಕೆ ನೇರ ಎದುರು ನಿಲ್ಲಬೇಡಿ, ಹೊಳಪು ತಿಂದುಹಾಕುತ್ತದೆ. ಎರಡು ಹೆಜ್ಜೆ ಪಕ್ಕಕ್ಕೆ ಸರಿದು ತೆಗೆಯಿರಿ.

## ದಾರಿ, ದಿನ, ಜಾಗ

ಡಾಲಸ್‌ನಿಂದ ಒಂದು ಲಾಂಗ್ ವೀಕೆಂಡ್‌ನಲ್ಲಿ ಮುಗಿಯುತ್ತಾ?

ಮೂರು ದಿನದಲ್ಲಿ ಓಡಿಬರಬಹುದು, ಓದಿ ಬರಲು ನಾಲ್ಕು ದಿನ ಬೇಕು. ನಮ್ಮ ಸಲಹೆ ಹೀಗಿದೆ.

ಮೊದಲ ದಿನ ಡಾಲಸ್‌ನಿಂದ ವಿಚಿಟಾ ಫಾಲ್ಸ್ ಮೂಲಕ ಲಾಟನ್, ಸುಮಾರು 300 ಕಿ.ಮೀ. ಕೊಮ್ಯಾಂಚಿಗಳ ಮ್ಯೂಸಿಯಂನಿಂದಲೇ ಶುರು ಮಾಡಿ. ಅವರ ಮಾತು ಮೊದಲು ಕಿವಿಗೆ ಬಿದ್ದಿದ್ದರೆ ಆಮೇಲಿನ ಫಲಕಗಳನ್ನು ತೂಗಿ ನೋಡಲು ಬರುತ್ತದೆ. ತೆರೆದಿರುವ ದಿನಗಳನ್ನು ಫೋನ್ ಮಾಡಿ ಕೇಳಿಕೊಳ್ಳಿ.

ಎರಡನೇ ದಿನ ಕ್ವಾನಾ ಎಂಬ ಊರು. ರೈಲು ಬಂದ ಕಾಲದಲ್ಲಿ ಅವನ ಹೆಸರಿಟ್ಟರು. ಊರಿನ ಪೂರ್ವಕ್ಕೆ, ಸಮತಟ್ಟು ನೆಲದಲ್ಲಿ ನಾಲ್ಕು ಗುಡ್ಡಗಳು ಸಾಲಾಗಿ ಕಾಣುತ್ತವೆ. ಇವೇ ಮೆಡಿಸಿನ್ ಮೌಂಡ್ಸ್, ಕೊಮ್ಯಾಂಚಿಗಳಿಗೆ ಪವಿತ್ರ. ಖಾಸಗಿ ಜಮೀನಾದ್ದರಿಂದ ರಸ್ತೆಯಿಂದಲೇ ನೋಡಬೇಕು. ಅಲ್ಲಿಂದ ಪಡೂಕಾ, ಮ್ಯಾಟಡೋರ್, ಮತ್ತೆ 70ನೇ ಹೆದ್ದಾರಿಯಲ್ಲಿ ಉತ್ತರಕ್ಕೆ ಟರ್ಕಿ, 86ರಲ್ಲಿ ಪಶ್ಚಿಮಕ್ಕೆ ಕಿಟಕ್ವೇ.

ಮೂರನೇ ದಿನ ಬೆಳಿಗ್ಗೆ ಕಿಟಕ್ವೇ ಪಕ್ಕದ ಕ್ಯಾಪ್‌ರಾಕ್ ಕ್ಯಾನಿಯನ್ಸ್ ಪಾರ್ಕ್. ಟೆಕ್ಸಸ್ ರಾಜ್ಯದ ಕಾಡೆಮ್ಮೆಗಳ (ಬೈಸನ್) ಹಿಂಡು ಅಲ್ಲಿದೆ. ಕೊಮ್ಯಾಂಚಿಗಳ ಊಟ, ಹೊದಿಕೆ, ಗುಡಾರ ಎಲ್ಲವೂ ಈ ಪ್ರಾಣಿಯಿಂದ ಬರುತ್ತಿತ್ತು. 50 ಗಜ ದೂರವಿರಿ, ಬಾಲ ಎತ್ತಿದರೆ ಹಿಂದೆ ಸರಿಯಿರಿ. ನಂತರ ಸಿಲ್ವರ್‌ಟನ್, ಅಲ್ಲಿಂದ 207ನೇ ಹೆದ್ದಾರಿಯಲ್ಲಿ ಕ್ಲಾಡ್. ಸುಮಾರು 48 ಮೈಲಿ. ನಡುವೆ ಪೆಟ್ರೋಲ್ ಇಲ್ಲ, ಸಿಲ್ವರ್‌ಟನ್‌ನಲ್ಲೇ ತುಂಬಿಸಿಕೊಳ್ಳಿ. ರಾತ್ರಿ ಕ್ಯಾನಿಯನ್ ಅಥವಾ ಅಮರಿಲ್ಲೊ. ನಾಲ್ಕನೇ ದಿನ 287ನೇ ಹೆದ್ದಾರಿ ಹಿಡಿದು ವಾಪಸ್, ಆರು ಗಂಟೆಗೆ ಕಡಿಮೆಯಿಲ್ಲ.

207ರಲ್ಲಿ ಒಂದು ಕಣಿವೆ ಬಂತು, ಕುದುರೆಗಳನ್ನು ಕೊಂದ ಜಾಗ ಅಂದರು. ನಿಜಾನಾ?

ನಿಜ. ಅದು ಟ್ಯೂಲಿ ಕಣಿವೆ. ಅದೊಂದು ಜಾಗದಲ್ಲಿ ದಯವಿಟ್ಟು ಕಾರಿನಿಂದ ಇಳಿಯಿರಿ.

1874ರ ಸೆಪ್ಟೆಂಬರ್ 28ರ ಬೆಳಗಿನ ಜಾವ ಅಮೆರಿಕ ಸೇನೆಯ ಕರ್ನಲ್ ರಾನಾಲ್ಡ್ ಮೆಕೆಂಜಿಯ 4ನೇ ಅಶ್ವದಳ ಪಾಲೊ ಡುರೊ ಕಣಿವೆಯ ಕಡಿದಾದ ಗೋಡೆಯಲ್ಲಿ ಒಂಟಿ ಸಾಲಾಗಿ ಇಳಿದು, ತಳದಲ್ಲಿ ಬೀಡುಬಿಟ್ಟಿದ್ದ ಕೊಮ್ಯಾಂಚಿ, ಕಾಯೊವಾ, ಶಯೆನ್ ಜನರ ಮೇಲೆ ಬಿತ್ತು. ಸತ್ತವರು ಕೆಲವೇ ಮಂದಿ. ಉಳಿದವರು ಹೆಂಗಸರು ಮಕ್ಕಳೊಂದಿಗೆ ಕಣಿವೆಯ ಗೋಡೆ ಹತ್ತಿ ತಪ್ಪಿಸಿಕೊಂಡರು. ಹಿಂದೆ ಉಳಿದದ್ದು ಗುಡಾರಗಳು, ಚಳಿಗಾಲಕ್ಕೆ ಒಣಗಿಸಿಟ್ಟ ಮಾಂಸ, ಹೊದಿಕೆಗಳು, ಜೊತೆಗೆ ಸುಮಾರು 1,400 ಕುದುರೆ. ಸಾಮಾನನ್ನೆಲ್ಲ ಸುಟ್ಟರು. ಕುದುರೆಗಳನ್ನು ಟ್ಯೂಲಿ ಕಣಿವೆಗೆ ಹೊಡೆದುಕೊಂಡು ಬಂದು, ಒಳ್ಳೆಯವನ್ನು ಆರಿಸಿಕೊಂಡು, ಉಳಿದ ಸಾವಿರಕ್ಕೂ ಹೆಚ್ಚನ್ನು ಮರುದಿನ ಗುಂಡಿಟ್ಟು ಕೊಂದರು. ಬಿಟ್ಟರೆ ಕೊಮ್ಯಾಂಚಿಗಳು ಮತ್ತೆ ಹಿಡಿದುಕೊಂಡು ಹೋಗುತ್ತಾರೆ ಎನ್ನುವುದು ಮೆಕೆಂಜಿಯ ಲೆಕ್ಕ. ಹಿಂದೆ ಒಮ್ಮೆ ಹಾಗೆಯೇ ಆಗಿತ್ತು. ಮೂಳೆಗಳ ರಾಶಿ ಎಷ್ಟೋ ವರ್ಷ ಅಲ್ಲೇ ಬಿಳಿಚಿಕೊಂಡು ಬಿದ್ದಿತ್ತು.

ಬಯಲಿನ ಯುದ್ಧ ಮುಗಿದದ್ದು ಹೀಗೆ. ಕುದುರೆ ಇಲ್ಲದೆ ಬೇಟೆ ಇಲ್ಲ, ಗುಡಾರ ಇಲ್ಲದೆ ಚಳಿಗಾಲ ಕಳೆಯುವಂತಿಲ್ಲ. ಎಂಟು ತಿಂಗಳಲ್ಲಿ ಕ್ವಾಹಾಡಿಗಳು ಫೋರ್ಟ್ ಸಿಲ್‌ಗೆ ನಡೆದರು. ರಸ್ತೆ ಕಣಿವೆಗೆ ಇಳಿಯುವಲ್ಲಿ ಕೆಂಪು ಮಣ್ಣಿನ ಪದರ, ನಡುವೆ ಬಿಳಿ ಜಿಪ್ಸಮ್ ಗೆರೆ, ಜುನಿಪರ್ ಪೊದೆ, ಗಾಳಿ. ಸದ್ದು ಅಷ್ಟೇ.

ಅಡೋಬಿ ವಾಲ್ಸ್‌ಗೆ ಮಾಮೂಲಿ ಕಾರು ಹೋಗುತ್ತಾ?

ಒಣ ದಿನವಾದರೆ ಹೋಗುತ್ತದೆ. ಜಾಗ ಹಚಿನ್ಸನ್ ಕೌಂಟಿಯಲ್ಲಿ, ಸ್ಟಿನೆಟ್ ಊರಿನ ಈಶಾನ್ಯಕ್ಕೆ, ಕೊನೆಯ ಭಾಗ ಟಾರು ಇಲ್ಲದ ದಾರಿ. ಮಳೆ ಬಂದ ಮೇಲೆ ಸುಣ್ಣಮಣ್ಣು ಸಾಬೂನಿನ ಹಾಗೆ ಜಾರುತ್ತದೆ. ಹಾಗಿದ್ದರೆ ಒಂದು ದಿನ ಮುಂದೂಡಿ.

ಇಲ್ಲಿ 1874ರ ಜೂನ್ 27ರಂದು ಕಾಡೆಮ್ಮೆ ಬೇಟೆಗಾರರ ಠಾಣ್ಯದ ಮೇಲೆ ಕೊಮ್ಯಾಂಚಿ, ಶಯೆನ್, ಕಾಯೊವಾ ಯೋಧರು ನೂರಾರು ಸಂಖ್ಯೆಯಲ್ಲಿ ದಾಳಿ ಮಾಡಿದರು. ಒಳಗಿದ್ದವರು 28 ಗಂಡಸರು, ಒಬ್ಬ ಹೆಂಗಸು. ದೂರ ಹೊಡೆಯುವ ಬಂದೂಕುಗಳ ಮುಂದೆ ದಾಳಿ ಸೋತಿತು. 1924ರಲ್ಲಿ ಬೇಟೆಗಾರರಿಗೆ ಸ್ಮಾರಕ ನಿಂತಿತು. ಆಗಲೇ ಹೇಳಬೇಕಾದ ಇನ್ನರ್ಧ 1941ರವರೆಗೆ ಕಾಯಬೇಕಾಯಿತು. ಆ ವರ್ಷ ಸತ್ತ ಯೋಧರಿಗೆ ಪ್ರತ್ಯೇಕ ಕಲ್ಲು ಬಂತು. ಎರಡನ್ನೂ ಓದಿ.

ಈ ಕಡೆ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸಲೇಬೇಡಿ. ಸೈಲೆನ್ಸರ್ ಬಿಸಿಗೇ ಬೆಂಕಿ ಹತ್ತುತ್ತದೆ. 2024ರ ಫೆಬ್ರವರಿ ಕೊನೆಯಲ್ಲಿ ಇದೇ ಕೌಂಟಿಯಲ್ಲಿ ಹೊತ್ತಿಕೊಂಡ ಸ್ಮೋಕ್‌ಹೌಸ್ ಕ್ರೀಕ್ ಬೆಂಕಿ ಹತ್ತು ಲಕ್ಷ ಎಕರೆಗೂ ಹೆಚ್ಚು ಸುಟ್ಟಿತು.

ಬೇಲಿ ಕಂಬಕ್ಕೆ ನೇರಳೆ ಬಣ್ಣ ಬಳಿದಿದ್ದಾರೆ. ಅದೂ ಸ್ಮಾರಕದ ಗುರುತಾ?

ಅಲ್ಲ. ಟೆಕ್ಸಸ್ ಕಾನೂನಿನಲ್ಲಿ ನೇರಳೆ ಗೆರೆ ಎಂದರೆ ‘ಒಳಗೆ ಬರಬಾರದು’. ಕನಿಷ್ಠ 8 ಇಂಚು ಉದ್ದ, 1 ಇಂಚು ಅಗಲದ ನಿಂತ ಗೆರೆ, ನೆಲದಿಂದ 3ರಿಂದ 5 ಅಡಿ ಎತ್ತರದಲ್ಲಿ. ಬೋರ್ಡ್ ಇಲ್ಲದಿದ್ದರೂ ಇದಕ್ಕೆ ಬೋರ್ಡಿನಷ್ಟೇ ಬೆಲೆ. ಫೋಟೋಗೋಸ್ಕರ ಬೇಲಿ ದಾಟಬೇಡಿ.

ಬಾಣದ ಬುಡದಲ್ಲಿ ಹೂವು, ಕುಂಕುಮ ಇಡಬಹುದಾ? ಬಿದ್ದ ಬಾಣದ ಮೊನೆ ಸಿಕ್ಕರೆ?

ಗೌರವದಿಂದ ಕೇಳುತ್ತೀರೆಂದು ಗೊತ್ತು. ಆದರೂ ಬೇಡ. ಕುಂಕುಮ ಬಣ್ಣ ಕಲ್ಲಿಗೆ ಹಿಡಿಯುತ್ತದೆ, ಅದು ಅವರ ರೀತಿಯೂ ಅಲ್ಲ. ತಲೆಬಾಗಿ ಒಂದು ನಿಮಿಷ ನಿಂತರೆ ಸಾಕು. ಬೇರೆಯವರು ಕಟ್ಟಿದ ಬಟ್ಟೆ, ಇಟ್ಟ ತಂಬಾಕು ಕಂಡರೆ ಮುಟ್ಟಬೇಡಿ, ಅದು ಪ್ರಾರ್ಥನೆ. ಕಲ್ಲಿನ ಮೊನೆ, ಮೂಳೆ, ತೋಟಾ ಏನೇ ಕಂಡರೂ ಇದ್ದಲ್ಲೇ ಬಿಡಿ. ಸರ್ಕಾರಿ ನೆಲದಿಂದ ಎತ್ತಿಕೊಳ್ಳುವುದು ಅಪರಾಧ, ಖಾಸಗಿ ನೆಲದ್ದು ಮಾಲೀಕರದ್ದು.

ಕ್ವಾನಾನ ಸಮಾಧಿ ನೋಡಬೇಕು. ಭಾರತದ ಪಾಸ್‌ಪೋರ್ಟ್ ಇದ್ದರೆ ಬಿಡುತ್ತಾರಾ?

ಸಮಾಧಿ ಫೋರ್ಟ್ ಸಿಲ್ ಒಳಗಿದೆ. ಅದು ಇಂದಿಗೂ ನಡೆಯುತ್ತಿರುವ ಸೇನಾ ನೆಲೆ, ಗೇಟಿನಲ್ಲಿ ಪಾಸ್ ಬೇಕು. ಅಮೆರಿಕದ ನಾಗರಿಕರಲ್ಲದವರಿಗೆ ನಿಯಮ ಬೇರೆ, ಅದು ಆಗಾಗ ಬದಲಾಗುವುದೂ ಉಂಟು. ಹೊರಡುವ ವಾರವೇ ಅಲ್ಲಿನ ವಿಸಿಟರ್ ಸೆಂಟರ್‌ಗೆ ಕೇಳಿ, ಪಾಸ್‌ಪೋರ್ಟ್ ಮತ್ತು ವೀಸಾ ಕಾಗದ ಎರಡನ್ನೂ ಇಟ್ಟುಕೊಳ್ಳಿ.

ಕ್ವಾನಾ ತೀರಿಕೊಳ್ಳುವ ಮುಂಚಿನ ವರ್ಷ, 1910ರಲ್ಲಿ, ತಾಯಿಯ ಅಸ್ಥಿಯನ್ನು ಟೆಕ್ಸಸ್‌ನಿಂದ ತರಿಸಿ ಪೋಸ್ಟ್ ಓಕ್ ಮಿಷನ್ ಸ್ಮಶಾನದಲ್ಲಿ ಮಣ್ಣು ಮಾಡಿಸಿದ. ಮರುವರ್ಷ ಅವನೂ ಅವಳ ಪಕ್ಕ ಸೇರಿದ. ಸೇನೆಗೆ ಆ ಜಾಗ ಬೇಕಾದಾಗ 1957ರಲ್ಲಿ ಇಬ್ಬರನ್ನೂ ಫೋರ್ಟ್ ಸಿಲ್‌ಗೆ ಸಾಗಿಸಿದರು. ಅವನ ಸ್ಟಾರ್ ಹೌಸ್ ಎಂಬ ಮನೆ ಹತ್ತಿರದ ಕ್ಯಾಶ್ ಊರಿನಲ್ಲಿದೆ. ಛಾವಣಿ ಮೇಲೆ ದೊಡ್ಡ ನಕ್ಷತ್ರಗಳನ್ನು ಬರೆಸಿದ್ದ ಮನೆ. ಖಾಸಗಿ ಜಾಗ, ಜೀರ್ಣವಾಗಿದೆ, ಕೇಳದೆ ಹೋಗಬೇಡಿ.

## ಆಳಕ್ಕೆ ಇಳಿದವರಿಗೆ

ಪೀಸ್ ನದಿಯ ಘಟನೆ ಒಂದೊಂದು ಕಡೆ ಒಂದೊಂದು ಥರ ಇದೆ. ಯಾವುದು ಸರಿ?

1860ರಲ್ಲಿ ಸಿಂಥಿಯಾ ಆ್ಯನ್‌ಳನ್ನು ಹಿಡಿದ ಆ ಘಟನೆಯನ್ನು ದೊಡ್ಡ ಯುದ್ಧವೆಂದೂ, ಪೀಟಾ ನೊಕೋನಾ ಅಲ್ಲೇ ಸತ್ತನೆಂದೂ ಹಳೆಯ ಬರಹಗಳು ಹೇಳುತ್ತವೆ. ದಾಳಿಯ ಮುಂದಾಳು ಸಲ್ ರಾಸ್ ಮುಂದೆ ಟೆಕ್ಸಸ್‌ನ ಗವರ್ನರ್ ಆದವನು. ಅವನ ಹೆಸರು ಬೆಳೆದಂತೆ ಕಥೆಯೂ ಬೆಳೆಯಿತು. ತಂದೆ ಆ ದಿನ ಅಲ್ಲಿರಲೇ ಇಲ್ಲ, ಕೆಲವು ವರ್ಷ ಬಿಟ್ಟು ತೀರಿಕೊಂಡ ಎಂದು ಕ್ವಾನಾ ಹೇಳಿದ್ದಾನೆ. ಬೀಡಿನಲ್ಲಿದ್ದವರು ಹೆಚ್ಚಾಗಿ ಹೆಂಗಸರು, ಮಾಂಸ ಹೊರುವ ಕೆಲಸದಲ್ಲಿದ್ದವರು ಎಂಬುದನ್ನು ಇತ್ತೀಚಿನ ಇತಿಹಾಸಕಾರರು ಒಪ್ಪುತ್ತಾರೆ. ನಮಗೆ ಮಗನ ಮಾತೇ ಹೆಚ್ಚು ತೂಕದ್ದು. ಅವನಿಗೆ ಸುಳ್ಳು ಹೇಳಿ ಗೆಲ್ಲಬೇಕಾದ ಚುನಾವಣೆ ಇರಲಿಲ್ಲ.

ಫಲಕದಲ್ಲಿ ತಪ್ಪು ಕಂಡರೆ ಸರಿಪಡಿಸುತ್ತಾರಾ?

ರಾಜ್ಯದ ಅಧಿಕೃತ ಫಲಕವಾದರೆ ಹಿಸ್ಟಾರಿಕಲ್ ಕಮಿಷನ್‌ಗೆ ತಿದ್ದುಪಡಿ ಕೋರಬಹುದು. ಗಟ್ಟಿಯಾಗಿ ನಿಲ್ಲುವುದು ವಾಸ್ತವದ ತಪ್ಪು: ತಾರೀಕು, ಹೆಸರು, ಜಾಗ. ಆ ಕಾಲದ ದಾಖಲೆ ಜೊತೆಗಿಡಿ. ‘ಧಾಟಿ ಸರಿಯಿಲ್ಲ’ ಎಂದಷ್ಟೇ ಬರೆದ ಅರ್ಜಿ ಮುಂದೆ ಹೋಗುವುದು ಕಷ್ಟ. ಅಂಥ ಕಡೆ ಹಳೆಯದನ್ನು ಕೀಳಿಸುವುದಕ್ಕಿಂತ ಪಕ್ಕದಲ್ಲಿ ಹೊಸ ಫಲಕ ತರುವ ದಾರಿ ಹೆಚ್ಚು ಫಲ ಕೊಡುತ್ತದೆ.

ಹೊಸ ಫಲಕ ಹಾಕಿಸಬೇಕೆಂದರೆ ಹೆಜ್ಜೆಗಳೇನು?

ನೇರವಾಗಿ ರಾಜ್ಯಕ್ಕೆ ಹೋಗುವಂತಿಲ್ಲ, ಆಯಾ ಕೌಂಟಿಯ ಹಿಸ್ಟಾರಿಕಲ್ ಕಮಿಷನ್ ಮೂಲಕವೇ ಹೋಗಬೇಕು. ಐದಾರು ಪುಟದಿಂದ ಹತ್ತು ಪುಟದವರೆಗಿನ ಇತಿಹಾಸ ಬರಹ, ಪ್ರತಿ ಸಂಗತಿಗೂ ಆಧಾರ. ನೆಲದ ಮಾಲೀಕರ ಲಿಖಿತ ಒಪ್ಪಿಗೆ, ಹೆದ್ದಾರಿ ಬದಿಯಾದರೆ ಸಾರಿಗೆ ಇಲಾಖೆಯದ್ದು. ಅರ್ಜಿ ಶುಲ್ಕ ಬಹುಕಾಲದಿಂದ 100 ಡಾಲರ್, ಫಲಕದ ಎರಕದ ಖರ್ಚು ಬೇರೆ. ಫಲಕದ ಅಂತಿಮ ಬರಹವನ್ನು ಬರೆಯುವುದು ಕಮಿಷನ್ ಸಿಬ್ಬಂದಿ, ನಿಮಗೆ ಕರಡು ತೋರಿಸುತ್ತಾರೆ. ಕಡೆಗಣಿಸಿದ ಇತಿಹಾಸಗಳಿಗೆ ‘ಅಂಡರ್‌ಟೋಲ್ಡ್ ಮಾರ್ಕರ್’ ಎಂಬ ಬೇರೆ ಯೋಜನೆಯಿದೆ. ಅದರಲ್ಲಿ ಆಯ್ಕೆಯಾದರೆ ಎರಕದ ಖರ್ಚನ್ನು ರಾಜ್ಯವೇ ನೋಡಿಕೊಳ್ಳುತ್ತದೆ.

ಅರ್ಜಿಗಳು ಬೀಳುವುದು ಹೆಚ್ಚಾಗಿ ಎರಡು ಕಾರಣಕ್ಕೆ: ಒಂದು ವೆಬ್‌ಸೈಟ್ ಇನ್ನೊಂದನ್ನು ನಕಲು ಮಾಡಿದ್ದನ್ನೇ ಆಧಾರವೆಂದು ಕೊಡುವುದು, ಜಾಗ ಖಚಿತವಿಲ್ಲದಿರುವುದು. ಅರ್ಜಿಯ ಕಾಗದದಲ್ಲಿ ಎಲ್ಲೂ ಕೇಳದ ಒಂದು ಹೆಜ್ಜೆಯನ್ನು ನಾವು ಸೇರಿಸುತ್ತೇವೆ. ಬರಹ ಶುರು ಮಾಡುವ ಮುಂಚೆಯೇ ಲಾಟನ್‌ನ ಕೊಮ್ಯಾಂಚಿ ನೇಷನ್‌ನ ಹಿಸ್ಟಾರಿಕ್ ಪ್ರಿಸರ್ವೇಶನ್ ಕಚೇರಿಗೆ ಕಾಗದ ಬರೆಯಿರಿ. ಮುಗಿದ ಮೇಲೆ ತೋರಿಸುವುದು ಒಪ್ಪಿಗೆ ಕೇಳಿದಂತಾಗುವುದಿಲ್ಲ.

ಈ ಫಲಕಗಳಲ್ಲಿ ಕೊಮ್ಯಾಂಚಿ ಭಾಷೆಯೇ ಇಲ್ಲವಲ್ಲ, ಯಾಕೆ?

ಹೆಚ್ಚಿನವನ್ನು ಹಾಕಿದ ಕಾಲದಲ್ಲಿ ಆ ಭಾಷೆಗೆ ಬಣ ಒಪ್ಪಿದ ಲಿಪಿಯೇ ಇರಲಿಲ್ಲ, ಅದು ಬಂದದ್ದು 1994ರಲ್ಲಿ. ಅದಕ್ಕಿಂತ ಹಿಂದಿನ ಕಾರಣ ಸರ್ಕಾರದ ಬೋರ್ಡಿಂಗ್ ಶಾಲೆಗಳು. ತಾಯ್ನುಡಿ ಆಡಿದ ಮಕ್ಕಳನ್ನು ಅಲ್ಲಿ ದಂಡಿಸುತ್ತಿದ್ದರು. ಇಂದು ಚೆನ್ನಾಗಿ ಮಾತಾಡಬಲ್ಲವರು ಬೆರಳೆಣಿಕೆಯಷ್ಟು, ಕಲಿಸುವ ಕೆಲಸ ನಡೆದಿದೆ.

ಅದೇ ಸರ್ಕಾರಕ್ಕೆ ಎರಡನೇ ಮಹಾಯುದ್ಧದಲ್ಲಿ ಅದೇ ಭಾಷೆ ಬೇಕಾಯಿತು. ಕೊಮ್ಯಾಂಚಿಯಲ್ಲಿ ಗುಪ್ತ ಸಂದೇಶ ಕಳಿಸಲು 17 ಯುವಕರಿಗೆ ತರಬೇತಿ ಕೊಟ್ಟರು. ಟ್ಯಾಂಕಿಗೆ ಅವರಿಟ್ಟ ಹೆಸರು ‘ಆಮೆ’, ಬಾಂಬರ್ ವಿಮಾನಕ್ಕೆ ‘ಬಸುರಿ ಹಕ್ಕಿ’. ಶತ್ರುಗಳು ಕೊನೆಯವರೆಗೂ ಅದನ್ನು ಒಡೆಯಲಾಗಲಿಲ್ಲ. ಆ ಗುಂಪಿನ ಕೊನೆಯವರಾದ ಚಾರ್ಲ್ಸ್ ಚಿಬಿಟಿ 2005ರಲ್ಲಿ ತೀರಿಕೊಂಡರು. 1944ರ ಜೂನ್ 6ರಂದು ನಾರ್ಮಂಡಿಯ ಯೂಟಾ ದಡದಿಂದ ಲ್ಯಾರಿ ಸಾಪಿಟಿ ಕೊಮ್ಯಾಂಚಿಯಲ್ಲಿ ಕಳಿಸಿದ ಮೊದಲ ಸಂದೇಶದ ತಾತ್ಪರ್ಯ ಇಷ್ಟು: ಸರಿಯಾಗಿ ಇಳಿದೆವು, ಆದರೆ ಇಳಿದ ಜಾಗ ಬೇರೆ.